ಬೆಳ್ಳಗೆ ಬಂದ ದಾರ

ಹಡಗಿನ ಒತ್ತಡದ ಕೋಣೆಯಿಂದ
ಫೆಬ್ರುವರಿ ೩

ಪ್ರೀತಿಯ ಅತ್ತಿಗೆಗೆ,

ಪೆನ್ಸಿಲಿನಲ್ಲಿ ಬರೆದಿದ್ದಾನೆಂದು ಬೈಯಬೇಡಿ. ಇಲ್ಲಿಗೆ ಪೆನ್ನು ತಂದರೆ ಒತ್ತಡಕ್ಕೆ ಶಾಯಿಯೆಲ್ಲ ಅಂಗಿಗೇ ಇಳಿಯುತ್ತದೆ. ಮೊನ್ನೆ ನಮ್ಮನ್ನು ಒಳಗೆ ಹಾಕಿ ಬಾಗಿಲು ಜಡಿದರು. ಇನ್ನು ಈ ತಿಂಗಳಿಡೀ ನನ್ನ ಸಂಸಾರವೆಲ್ಲ ಈ ಉಕ್ಕಿನ ಕೊಳವೆಯೊಳಗೆ. ಉದ್ದ ನಿಮ್ಮ ಅಡುಗೆಮನೆಯಷ್ಟು, ಅಗಲ ಅದರ ಅರ್ಧ. ಒಂದರ ಮೇಲೊಂದು ಮಂಚ, ಮಡಚುವ ಮೇಜು, ಗೋಡೆಯಲ್ಲಿ ತಟ್ಟೆಯಗಲದ ದಪ್ಪ ಗಾಜು. ಗಾಜಿನಾಚೆ ಯಾರಾದರೊಬ್ಬರು ಸದಾ ನಮ್ಮನ್ನು ನೋಡುತ್ತಿರುತ್ತಾರೆ. ಕಕ್ಕಸಿಗೆ ನೀರು ಬಿಡಬೇಕಾದರೂ ಅವರ ಅಪ್ಪಣೆ ಬೇಕು.

ಮುಳುಗುವ ಕೆಲಸದವನು ಸಂಜೆ ಮೇಲೆ ಬಂದು ಆರಾಮಾಗಿ ಮಲಗಬಾರದೇ ಎಂದು ಹೋದ ಸಲ ಕೇಳಿದ್ದಿರಿ. ಆಳದ ಕೆಲಸಕ್ಕೆ ಅದು ಆಗುವುದಿಲ್ಲ ಅತ್ತಿಗೆ. ಸಮುದ್ರದ ತಳದಲ್ಲಿ ಎಷ್ಟು ಒತ್ತಡವೋ ಅಷ್ಟನ್ನೇ ಈ ಕೋಣೆಯಲ್ಲೂ ತುಂಬಿರುತ್ತಾರೆ. ದಿನಾ ಕಬ್ಬಿಣದ ಗೂಡೊಂದರಲ್ಲಿ ಕೂರಿಸಿ ಕೆಳಗೆ ಬಿಡುತ್ತಾರೆ. ತಳದಲ್ಲಿ ಹಾದುಹೋಗಿರುವ ಎಣ್ಣೆ ಕೊಳವೆಯನ್ನು ರಿಪೇರಿ ಮಾಡುತ್ತೇವೆ. ಅದೇ ಗೂಡಿನಲ್ಲಿ ಮತ್ತೆ ಈ ಕೋಣೆಗೆ. ಈಗ ಒತ್ತಡ ತಟ್ಟನೆ ಇಳಿದುಬಿಟ್ಟರೆ ಸೋಡಾ ಬಾಟಲಿ ಬಿಚ್ಚಿದಂತೆ ನಮ್ಮ ರಕ್ತ ನೊರೆಯಾಗುತ್ತದೆ. ಒತ್ತಡ ಮೆಲ್ಲಗೆ ಇಳಿಸಲು ಸುಮಾರು ಒಂದು ವಾರ ಹಿಡಿಯುತ್ತದೆ.

ಫೋನು ಮಾಡೋಣವೆಂದರೆ ಉಸಿರಾಟಕ್ಕೆ ಹೀಲಿಯಂ ಬೆರೆಸಿದ ಗಾಳಿ ಕೊಡುತ್ತಾರೆ. ಗಂಟಲಿನಿಂದ ಬಾತುಕೋಳಿಯ ದನಿ ಬರುತ್ತದೆ. ಹೋದ ವರ್ಷ ಅಣ್ಣ ‘ಯಾರ್ರೀ ಅದು, ತಮಾಷೆ ಮಾಡ್ತೀರಾ’ ಎಂದು ಫೋನು ಇಟ್ಟುಬಿಟ್ಟಿದ್ದು ನೆನಪಿದೆಯಲ್ಲ? ಹಾಗಾಗಿ ಕಾಗದವೇ ಗತಿ. ಸಾಮಾನು ತರುವ ದೋಣಿ ವಾರಕ್ಕೆರಡು ಸಲ ಬಂದು ಟಪಾಲು ಕೊಟ್ಟು ಒಯ್ಯುತ್ತದೆ. ಊಟವೂ ಕಾಗದವೂ ಗೋಡೆಯಲ್ಲಿರುವ ಎರಡು ಬಾಗಿಲಿನ ಸಣ್ಣ ಪೆಟ್ಟಿಗೆಯ ಮೂಲಕ ಒಳಗೆ ಬರುತ್ತವೆ, ಹೊರಗೆ ಹೋಗುತ್ತವೆ.

ನನ್ನ ಜೊತೆಗಾರನಿಗೆ ಗೊರಕೆರಾಯ ಎಂದು ಹೆಸರಿಟ್ಟಿದ್ದೇನೆ. ನನಗಿಂತ ಹಿರಿಯ, ಮಾತು ಕಡಿಮೆ. ಹೀಲಿಯಂನಲ್ಲಿ ಗೊರಕೆಯೂ ಕೀಚಲಾಗುತ್ತದೆ ಎಂಬುದು ಅವನಿಂದ ಗೊತ್ತಾಯಿತು.

ಒಂದು ಸಂತೋಷದ ಸಂಗತಿ. ತಳದಲ್ಲಿ ಚಳಿ ಮೂಳೆ ಹೊಕ್ಕುವಂಥದ್ದು. ಅದಕ್ಕೇ ಹಡಗಿನಿಂದ ಬಿಸಿಮಾಡಿದ ಸಮುದ್ರದ ನೀರನ್ನು ರಬ್ಬರ್ ಪೈಪಿನಲ್ಲಿ ಇಳಿಸಿ ನಮ್ಮ ಉಡುಪಿನೊಳಗೆ ಹರಿಸುತ್ತಾರೆ. ಈ ಸಲ ನಮ್ಮಿಬ್ಬರಿಗೂ ಹೊಸ ಪೈಪು ಬಂದಿದೆ. ನೋಡಿದರೆ ನಿಮ್ಮ ಕಾರ್ಖಾನೆಯ ಮುದ್ರೆ! ‘ಇದನ್ನ ಎಳೆದು, ಹರಿದು ನೋಡಿದೋರು ನಮ್ಮತ್ತಿಗೆ’ ಎಂದು ಗಾಜಿನಾಚೆಯವನಿಗೂ ಕೂಗಿ ಹೇಳಿದೆ. ಅವನಿಗೆ ಕೇಳಿಸಿದ್ದು ಬಾತುಕೋಳಿ ಮಾತ್ರ.

ಅಣ್ಣನಿಗೆ ನಮಸ್ಕಾರ ತಿಳಿಸಿ. ಅವನು ಬರೆಯುವುದಿಲ್ಲವೆಂದು ಗೊತ್ತು.

ನಿಮ್ಮ ಮೈದುನ


ಕಾರ್ಖಾನೆಯ ಕ್ವಾರ್ಟರ್ಸಿನಿಂದ
ಫೆಬ್ರುವರಿ ೯

ಮೈದುನ ಮಹಾರಾಯನಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ನಕ್ಕೆ. ಕಕ್ಕಸಿನ ವಿಷಯ ನಿನ್ನ ಅಣ್ಣನಿಗೂ ಓದಿ ಹೇಳಿದೆ. ‘ಇವನಿಗೆ ನೆಟ್ಟಗೆ ಒಂದು ಕೆಲಸ ಸಿಗಲಿಲ್ವಾ’ ಎಂದು ಹಳೆಯ ರಾಗ ಎಳೆದರು. ಆದರೆ ಕಾಗದ ಮಡಿಸಿ ತಮ್ಮ ಜೇಬಿಗೇ ಇಟ್ಟುಕೊಂಡರು.

ನಮ್ಮದೂ ಹೆಚ್ಚುಕಡಿಮೆ ನಿನ್ನ ಕೊಳವೆಯ ಬದುಕೇ. ಕಿಟಕಿ ತೆಗೆದರೆ ಕಾರ್ಖಾನೆಯ ಗೋಡೆ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ. ಗೇಟು ದಾಟಿದ ಕೂಡಲೇ ಅವರು ಉತ್ಪಾದನಾ ವಿಭಾಗದ ಮ್ಯಾನೇಜರು, ನಾನು ಪರೀಕ್ಷಾ ಕೋಣೆಯವಳು. ಅಲ್ಲಿ ‘ಸರ್’ ಅನ್ನಬೇಕು, ಇಲ್ಲಿ ‘ರೀ’ ಅನ್ನಬೇಕು. ಮೊನ್ನೆ ಊಟಕ್ಕೆ ಕೂತಾಗ ಬಾಯಿತಪ್ಪಿ ‘ಸರ್, ಇನ್ನೊಂಚೂರು ಬಡಿಸ್ಲಾ’ ಅಂದುಬಿಟ್ಟೆ. ನಗಲಿಲ್ಲ. ಮಾಲು ಸಾಗಿಸುವ ಗಡಿಬಿಡಿಯಲ್ಲಿ ಈಗೀಗ ಅವರ ತಲೆ ಚಿಟ್ಟು ಹಿಡಿದುಹೋಗಿದೆ.

ಎಳೆದು, ಹರಿದು ನೋಡುವುದೇ ನನ್ನ ಕೆಲಸ ಎಂದು ಊರಿಗೆಲ್ಲ ಸಾರಿದೆಯಲ್ಲ, ಅದು ಏಕೆಂದು ತಿಳಿದುಕೋ. ಬರಿಯ ಮೆತ್ತನೆ ರಬ್ಬರಿಗೆ ಬ್ಲೇಡಿನಿಂದ ಸಣ್ಣ ಗಾಯ ಮಾಡಿ ಎಳೆದರೆ ಗಾಯ ಬಾಯಿ ಬಿಟ್ಟು ಒಂದೇ ಉಸಿರಿಗೆ ಆಚೆ ತುದಿಗೆ ಓಡುತ್ತದೆ. ಒಳಗೆ ದಾರದ ಹೆಣಿಗೆ ಇಟ್ಟು ಅದೇ ರಬ್ಬರನ್ನು ಎಳೆದು ನೋಡು. ಹರಿದುಕೊಂಡು ಬಂದದ್ದು ಮೊದಲನೆಯ ದಾರದ ಹತ್ತಿರ ನಿಲ್ಲುತ್ತದೆ. ಸುತ್ತಲಿನ ರಬ್ಬರು ಹಿಗ್ಗಿ ಆ ಭಾರವನ್ನು ದಾರದುದ್ದಕ್ಕೂ ಸಾಗಿಸುತ್ತದೆ, ಪಕ್ಕದ ದಾರಗಳಿಗೂ ಹಂಚುತ್ತದೆ. ಬೆರಳಗಲ ಹರಿಯಬೇಕಾದರೆ ಅಂಗೈಯಗಲದ ಜಾಗವೆಲ್ಲ ಸುಸ್ತಾಗಬೇಕು. ಇದಕ್ಕೆ ನಾವು ತಾಳಿಕೆ ಅನ್ನುತ್ತೇವೆ. ಗಡಸುತನವೇ ಬೇರೆ, ಇದೇ ಬೇರೆ. ಆದರೆ ಇಷ್ಟೂ ನಡೆಯುವುದು ರಬ್ಬರು ಮತ್ತು ದಾರ ಒಂದನ್ನೊಂದು ಹಿಡಿದುಕೊಂಡಿದ್ದರೆ ಮಾತ್ರ. ಅದಕ್ಕೇ ದಾರವನ್ನು ಮೊದಲು ಅಂಟಿನ ತೊಟ್ಟಿಯಲ್ಲಿ ಅದ್ದಿ ಒಣಗಿಸುತ್ತಾರೆ. ನಾನು ಪದರ ಸುಲಿದು ನೋಡುತ್ತೇನೆ. ದಾರಕ್ಕೆ ರಬ್ಬರಿನ ಚೂರು ಮೆತ್ತಿಕೊಂಡಿರಬೇಕು. ದಾರ ಬೆಳ್ಳಗೆ ಬಂದರೆ ಕೆಟ್ಟಿತು.

ಅಂದಹಾಗೆ, ನಿನ್ನ ಪೈಪಿನ ಮೇಲಿನ ಗೆರೆ ಯಾವ ಬಣ್ಣದ್ದು? ಹಸಿರೋ ನೀಲಿಯೋ? ಸುಮ್ಮನೆ ಕೇಳಿದೆ, ಕುತೂಹಲಕ್ಕೆ.

ಹೊಟ್ಟೆ ತುಂಬ ಊಟ ಮಾಡು.

ನಿನ್ನ ಅತ್ತಿಗೆ


ಹಡಗಿನಿಂದ
ಫೆಬ್ರುವರಿ ೧೪

ಪ್ರೀತಿಯ ಅತ್ತಿಗೆಗೆ,

ನೀಲಿ. ಜೋಡಿ ಗೆರೆ. ಅಷ್ಟು ದೂರದಲ್ಲಿ ಕೂತು ಪೈಪಿನ ಗೆರೆ ಕೇಳುತ್ತೀರಿ, ಮೈದುನ ತೆಳ್ಳಗಾದನೋ ದಪ್ಪಗಾದನೋ ಎಂದು ಕೇಳಲಿಲ್ಲ! ಮಕ್ಕಳ ಬಗ್ಗೆ ವಿಚಾರಿಸುವಂತೆ ಪೈಪಿನ ಬಗ್ಗೆ ವಿಚಾರಿಸುತ್ತಾರೆ ಎಂದು ಗೊರಕೆರಾಯನಿಗೆ ಹೇಳಿದೆ.

ಇಲ್ಲಿ ಎಲ್ಲ ಸುಖ. ಪೈಪು ಬೆಣ್ಣೆಯಂತೆ ಬಳುಕುತ್ತದೆ. ಹಳೆಯದಾಗಿದ್ದರೆ ಮೊಣಕಾಲಿಗೆ ಸುತ್ತಿಕೊಂಡು ಜಗಳಕ್ಕೆ ಬರುತ್ತಿತ್ತು. ಗೊರಕೆರಾಯ ಮಾತ್ರ ತನ್ನ ಪೈಪಿನ ಮೇಲೆ ಗೊಣಗುತ್ತಾನೆ. ನೀರು ಉಗುರುಬೆಚ್ಚಗೆ ಬರುತ್ತದಂತೆ. ಅವನು ಊಟ ತಣ್ಣಗಾಯಿತು, ಹಾಸಿಗೆ ಒದ್ದೆಯಾಯಿತು ಎಂದು ಎಲ್ಲದಕ್ಕೂ ಗೊಣಗುವವನೇ ಬಿಡಿ.

ಒಂದು ಸಣ್ಣ ವಿಷಯ ಬರೆಯಬೇಕೆಂದಿದ್ದೆ. ಅಂಥದ್ದೇನಲ್ಲ, ಬಂದಾಗ ಹೇಳುತ್ತೇನೆ.

ದಿನಗಳು ಮಾತ್ರ ಒಂದರೊಳಗೊಂದು ಸೇರಿಕೊಂಡುಬಿಟ್ಟಿವೆ. ಬೆಳಕು ಸದಾ ಒಂದೇ ಥರ. ಗಾಳಿಯೆಲ್ಲ ಒದ್ದೆ. ಗೋಡೆಯನ್ನು ಮುಟ್ಟಿದರೆ ಬೆರಳಿಗೆ ನೀರು. ಕೆಲವೊಮ್ಮೆ ಬಾಗಿಲನ್ನೇ ನೋಡುತ್ತಾ ಕೂರುತ್ತೇನೆ. ಬೀಗವಿಲ್ಲ, ಚಿಲಕವೂ ಇಲ್ಲ. ಗಾಳಿಯ ಒತ್ತಡವೇ ಅದನ್ನು ಒತ್ತಿ ಹಿಡಿದಿದೆ. ಹತ್ತು ಜನ ಎಳೆದರೂ ಬರುವುದಿಲ್ಲ.

ನೀವು ಮದುವೆಯಾಗಿ ಮನೆಗೆ ಬಂದಾಗ ನಾನು ಏಳನೇ ಕ್ಲಾಸು. ಲೆಕ್ಕ ಬರಲಿಲ್ಲವೆಂದು ಅಣ್ಣ ಕೋಣೆಗೆ ಹಾಕಿ ಬಾಗಿಲು ಹಾಕಿದಾಗ ಕಿಟಕಿಯಿಂದ ಉತ್ತರ ಹೇಳಿಕೊಟ್ಟಿದ್ದಿರಿ. ಏಕೋ ಅದು ನೆನಪಾಯಿತು.

ನಿಮ್ಮ ಮೈದುನ


ಕ್ವಾರ್ಟರ್ಸಿನಿಂದ
ಫೆಬ್ರುವರಿ ೧೯

ಮೈದುನನಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂದು ಮನಸ್ಸು ಹಗುರವಾಯಿತು. ಪೈಪು ಬೆಣ್ಣೆಯಂತಿದೆ ಎಂದು ಬರೆದದ್ದನ್ನು ನಿನ್ನ ಅಣ್ಣ ಎರಡೆರಡು ಸಲ ಓದಿದರು. ‘ನೋಡು, ತಳದಲ್ಲಿ ನಿಂತು ಕೆಲಸ ಮಾಡೋನೇ ಹೇಳ್ತಿದಾನೆ’ ಅಂದರು. ಆಫೀಸಿಗೂ ತೆಗೆದುಕೊಂಡು ಹೋದರು. ಮೀಟಿಂಗಿನಲ್ಲಿ ತೋರಿಸಿದರಂತೆ. ನಿನ್ನ ಬರಹಕ್ಕೆ ಇಷ್ಟು ಬೆಲೆ ಬಂದದ್ದು ಇದೇ ಮೊದಲು ಇರಬೇಕು.

ಜೊತೆಗಾರನ ನೀರು ಬೆಚ್ಚಗಿಲ್ಲದಿದ್ದರೆ ಹಡಗಿನ ಪಂಪು ನೋಡಿಸಲು ಹೇಳು. ಬಹಳ ಸಲ ಪಂಪಿನದೇ ತಪ್ಪಿರುತ್ತದೆ ಎಂದು ನಿನ್ನ ಅಣ್ಣ ಹೇಳುತ್ತಾರೆ. ಪೈಪಿನ ಚಿಂತೆ ಬೇಡ. ನಾನೇ ಪರೀಕ್ಷೆ ಮಾಡಿದ್ದೇನೆ, ನಾನೇ ಸಹಿ ಹಾಕಿದ್ದೇನೆ. ಬಿಸಿ ಉಪ್ಪುನೀರಿನ ತೊಟ್ಟಿಯಲ್ಲಿಟ್ಟ ಕೆಲವು ತುಂಡುಗಳು ತಕರಾರು ಮಾಡುತ್ತಿವೆ. ಅವು ಬೇರೆ ಮಾಲು, ನಿನ್ನದಕ್ಕೆ ಸಂಬಂಧವಿಲ್ಲ. ಮತ್ತೊಮ್ಮೆ ಹೊಸದಾಗಿ ಇಟ್ಟು ನೋಡುತ್ತಿದ್ದೇನೆ.

ಈ ಕಾಗದವನ್ನು ಮೂರನೆಯ ಸಲ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಬೇಸರಪಡಬೇಡ.

ಬಂದಾಗ ಹೇಳುತ್ತೇನೆ ಎಂದೆಯಲ್ಲ, ಯಾವುದಾದರೂ ಹುಡುಗಿಯ ವಿಷಯವೇ? ಈಗಲೇ ಬರೆದರೆ ನಿನ್ನ ಅಣ್ಣನನ್ನು ನಾನು ಒಪ್ಪಿಸುತ್ತೇನೆ.

ನಿನ್ನ ಅತ್ತಿಗೆ


ಹಡಗಿನಿಂದ
ಫೆಬ್ರುವರಿ ೨೪

ಪ್ರೀತಿಯ ಅತ್ತಿಗೆಗೆ,

ಹುಡುಗಿಯೂ ಇಲ್ಲ, ಏನೂ ಇಲ್ಲ. ಈ ಕೊಳವೆಯಲ್ಲಿ ನನಗೆ ಸಿಗುವವನು ಗೊರಕೆರಾಯ ಒಬ್ಬನೇ.

ನಿಮ್ಮ ಕಾಗದ ಬಂದದ್ದು ಒಳ್ಳೆಯದಾಯಿತು. ಗೊರಕೆರಾಯ ಮೊನ್ನೆ ಹಟಕ್ಕೆ ಬಿದ್ದ. ‘ಈ ಪೈಪಲ್ಲಿ ನಾನು ಇಳಿಯಲ್ಲ. ನೀರು ಸಣ್ಣಗೆ ಬರ್ತಿದೆ’ ಎಂದು ಗಾಜಿನಾಚೆಯವರಿಗೆ ಹೇಳಿದ. ಅವರು ಪಂಪು ನೋಡಿದರು, ಪಂಪು ಸರಿ ಇದೆ ಅಂದರು. ಬದಲಿಸಲು ಬೇರೆ ಪೈಪು ಹಡಗಿನಲ್ಲಿಲ್ಲ. ಕೆಲಸ ನಿಂತಿತು. ನಮ್ಮಿಬ್ಬರ ಮೇಲೂ ಮೇಲಿನವರು ಮುಖ ಗಂಟು ಹಾಕಿಕೊಂಡರು.

ಆಗ ನಿಮ್ಮ ಪತ್ರ ತೆಗೆದು ಅವನಿಗೆ ಓದಿದೆ. ‘ನಾನೇ ಪರೀಕ್ಷೆ ಮಾಡಿದ್ದೇನೆ, ನಾನೇ ಸಹಿ ಹಾಕಿದ್ದೇನೆ. ಕೇಳಿದ್ಯಾ?’

ಅವನು ಹೇಳಿದ: ‘ನಿಮ್ಮತ್ತಿಗೆ ಅಲ್ಲಿ ಕೂತವ್ರೆ. ಚಳಿ ಆಗ್ತಿರೋದು ನಂಗೆ.’

‘ಹಂಗಾದ್ರೆ ನಂದು ನೀನು ತಗೋ, ನಿಂದು ನಂಗೆ ಕೊಡು. ನಮ್ಮನೆಯೋರು ಮಾಡಿರೋದನ್ನ ನಾನಲ್ದೆ ಇನ್ಯಾರು ನಂಬ್ತಾರೆ?’

ಹೀಗೆ ಅದಲು ಬದಲು ಮಾಡಿಕೊಂಡೆವು. ಕೆಲಸ ಮತ್ತೆ ಶುರುವಾಗಿದೆ. ನೀರು ಸ್ವಲ್ಪ ಕಡಿಮೆಯೇ ಬರುತ್ತದೆ, ನಿಜ. ನನಗೇನೂ ಅಡ್ಡಿಯಿಲ್ಲ. ಇನ್ನು ಕೆಲವೇ ದಿನ. ಆಮೇಲೆ ಒತ್ತಡ ಇಳಿಸಲು ಶುರುಮಾಡುತ್ತಾರೆ.

ಹವಾಮಾನ ಕೆಡುತ್ತಿದೆಯಂತೆ. ಮುಂದಿನ ದೋಣಿ ತಡವಾದೀತು.

ನಿಮ್ಮ ಮೈದುನ


ಕ್ವಾರ್ಟರ್ಸಿನಿಂದ
ಫೆಬ್ರುವರಿ ೨೭

ಮೈದುನನಿಗೆ,

ಇಳಿಯಬೇಡ. ಮೊದಲು ಇದನ್ನು ಓದಿ ಆಮೇಲೆ ಉಳಿದದ್ದು ಓದು. ಆ ಪೈಪಿನಲ್ಲಿ ಇಳಿಯಬೇಡ, ಗೊರಕೆರಾಯನನ್ನೂ ಇನ್ನೊಂದರಲ್ಲಿ ಇಳಿಯಲು ಬಿಡಬೇಡ.

ನಾನು ಬರೆದದ್ದು ಸುಳ್ಳು. ತಕರಾರು ಮಾಡುತ್ತಿದ್ದ ತುಂಡುಗಳು ಬೇರೆ ಮಾಲಿನವಲ್ಲ. ಜೋಡಿ ನೀಲಿ ಗೆರೆಯವೇ. ಹೊಸ ಪೈಪನ್ನು ಎಳೆದಾಗ, ಊದಿದಾಗ ಎಲ್ಲದರಲ್ಲೂ ಪಾಸಾಗಿತ್ತು. ನಾನು ಸಹಿ ಹಾಕಿದ್ದು ಅಷ್ಟಕ್ಕೆ. ಬಿಸಿ ಉಪ್ಪುನೀರಿನಲ್ಲಿ ವಾರಗಟ್ಟಲೆ ನೆನೆಸಿ, ಸಾವಿರ ಸಲ ಬಗ್ಗಿಸಿ ನೋಡುವ ಪರೀಕ್ಷೆ ಮುಗಿಯುವ ಮೊದಲೇ ಮಾಲು ಹೊರಟುಹೋಯಿತು. ಬೇಗ ಕಳಿಸಬೇಕೆಂದು ಅಂಟಿನ ತೊಟ್ಟಿಯಲ್ಲಿ ದಾರ ಓಡುವ ವೇಗ ಹೆಚ್ಚಿಸಿದ್ದರು. ದಾರ ಅಂಟು ಕುಡಿಯಲೂ ಇಲ್ಲ, ಸರಿಯಾಗಿ ಒಣಗಲೂ ಇಲ್ಲ. ಹೆಚ್ಚಿಸಿದವರು ನಿನ್ನ ಅಣ್ಣ.

ನೆನೆಸಿದ ತುಂಡು ಸುಲಿದರೆ ದಾರ ಬೆಳ್ಳಗೆ ಬಂತು. ಬಾಳೆಹಣ್ಣಿನ ಸಿಪ್ಪೆಯಂತೆ ಎದ್ದು ಬಂತು. ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಪದರ ಬಿಟ್ಟುಕೊಂಡು ಕುಸಿದರೆ ನೀರು ಹರಿಯುವ ದಾರಿ ಕಿರಿದಾಗುತ್ತದೆ. ಗೊರಕೆರಾಯನ ನೀರು ಉಗುರುಬೆಚ್ಚಗಾದದ್ದು ಅದಕ್ಕೇ. ನಿನ್ನ ಪತ್ರದಲ್ಲಿ ಆ ಸಾಲು ಓದಿದ ಕೂಡಲೇ ನನಗೆ ತಿಳಿಯಿತು. ತಿಳಿದಮೇಲೂ ಪಂಪು ಎಂದು ಬರೆದೆ.

ಅವತ್ತು ನಿನ್ನ ಅಣ್ಣನಿಗೆ ಹೇಳಿದ್ದೆ. ‘ಒಂದೆರಡು ತುಂಡು ಕೆಟ್ಟರೆ ಇಡೀ ಮಾಲು ವಾಪಸ್ ಕರೆಸಕ್ಕಾಗತ್ತಾ? ಇನ್ನೊಂದ್ಸಲ ಇಟ್ಟು ನೋಡು. ಅವನೇ ಚೆನ್ನಾಗಿದೆ ಅಂತ ಬರ್ದಿದಾನಲ್ಲ’ ಅಂದರು. ನನಗೂ ಅದು ಬೇಕಾಗಿತ್ತು. ನಿನ್ನ ಬೆಣ್ಣೆಯ ಮಾತನ್ನು ಹಿಡಿದುಕೊಂಡು ಮಲಗಿದೆ.

ಇವತ್ತು ನೀನು ಪೈಪು ಬದಲಿಸಿಕೊಂಡ ಪತ್ರ ಬಂತು. ಹಡಗಿನ ಕಂಪನಿಯ ದಡದ ಆಫೀಸಿಗೆ ಫೋನು ಮಾಡಿದೆ. ‘ನೀವ್ಯಾರು ಮೇಡಂ? ಕಾರ್ಖಾನೆಯಿಂದ ಮ್ಯಾನೇಜರ್ ಸಹಿ ಮಾಡಿ ಬರ್ಕೊಡ್ಲಿ’ ಅಂದರು. ಮ್ಯಾನೇಜರು ನನ್ನೆದುರೇ ಇದ್ದರು. ಕಾಗದ ಮುಂದಿಟ್ಟೆ. ಅದಕ್ಕೆ ಸಹಿ ಹಾಕಲಿಲ್ಲ, ತಾವೇ ಒಂದು ಸಂದೇಶ ಕಳಿಸಿದರು. ‘ಪೈಪುಗಳ ಮೇಲೆ ನಿಗಾ ಇಡುವುದು ಒಳ್ಳೆಯದು’ ಎಂದು. ಅಷ್ಟೇ. ಉಪಯೋಗಿಸಬೇಡಿ ಎಂದು ಬರೆಯಿರಿ ಅಂದೆ. ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು. ಮತ್ತೆ ಮತ್ತೆ ಫೋನು ಮಾಡಿದೆ. ತಿಳಿಸುತ್ತೇವೆ ಅನ್ನುತ್ತಾರೆ. ತಿಳಿಸಿದರೋ ಇಲ್ಲವೋ ತಿಳಿಯದು.

ದೋಣಿ ಹೊರಡುವ ಬಂದರಿಗೆ ಈ ಕಾಗದವನ್ನು ನಾನೇ ಒಯ್ಯುತ್ತಿದ್ದೇನೆ. ಗಾಳಿ ಜೋರಾಗಿದೆ.

ಇಳಿಯಬೇಡ.

ಅತ್ತಿಗೆ


ಹಡಗಿನಿಂದ
ಮಾರ್ಚ್ ೨

ಪ್ರೀತಿಯ ಅತ್ತಿಗೆಗೆ,

ದೋಣಿ ಇನ್ನೂ ಬಂದಿಲ್ಲ. ಬರಹ ನೋಡಿ ಗಾಬರಿಯಾಗಬೇಡಿ. ಎಡಗೈಯಿಂದ ಕಾಗದ ಒತ್ತಿ ಹಿಡಿಯಲು ಆಗುತ್ತಿಲ್ಲ, ಜಾರುತ್ತದೆ. ಬದುಕಿದ್ದೇನೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ನಿನ್ನೆ ಗೂಡಿನಿಂದ ದೂರದಲ್ಲಿ ಬೋಲ್ಟು ಬಿಗಿಯುತ್ತಿದ್ದೆ. ಸೊಂಟದ ಹತ್ತಿರ ಯಾರೋ ತಟ್ಟಿದಂತಾಯಿತು. ತಿರುಗಿದೆ, ಯಾರೂ ಇಲ್ಲ. ಬಿಸಿನೀರು ಪಕ್ಕದಲ್ಲಿ ಹೊಗೆಯಂತೆ ಎದ್ದು ದೀಪದ ಬೆಳಕಿನಲ್ಲಿ ನಡುಗುತ್ತಿತ್ತು. ಪೈಪು ಉದ್ದಕ್ಕೆ ಬಾಯಿ ಬಿಟ್ಟಿತ್ತು. ಮರುಕ್ಷಣ ಉಡುಪಿನೊಳಗೆ ಸಮುದ್ರ. ಆ ಚಳಿಯನ್ನು ಹೇಗೆ ಹೇಳಲಿ? ಮೊದಲು ಬೆರಳು ಹೋದವು, ಆಮೇಲೆ ಮಾತು ಹೋಯಿತು. ಎಳೆದುಕೊಳ್ಳುವ ಉಸಿರೂ ಐಸಾಗಿತ್ತು. ಗೂಡಿನ ದೀಪ ಕಾಣುತ್ತಿತ್ತು, ಹಗ್ಗ ಕೈಯಲ್ಲೇ ಇತ್ತು, ಹಿಡಿಯಲು ಕೈ ಕೇಳಲಿಲ್ಲ. ಮೇಲಿನವರು ಕಿವಿಯಲ್ಲಿ ‘ವಾಪಸ್ ಬಾ, ವಾಪಸ್ ಬಾ’ ಅನ್ನುತ್ತಿದ್ದರು. ಬರುತ್ತಿದ್ದೇನೆ ಎಂದು ನಾನು ಅಂದುಕೊಳ್ಳುತ್ತಿದ್ದೆ. ಕೂತಲ್ಲೇ ಕೂತಿದ್ದೆನಂತೆ.

ಗೊರಕೆರಾಯ ಬಂದು ಬೆನ್ನಿನ ಪಟ್ಟಿ ಹಿಡಿದು ಎಳೆದುಕೊಂಡು ಹೋದ. ಗೂಡಿನೊಳಗೆ ತನ್ನ ಬಿಸಿನೀರಿನ ಪೈಪನ್ನೇ ನನ್ನ ಕುತ್ತಿಗೆಯಿಂದ ಉಡುಪಿನೊಳಗೆ ತೂರಿಸಿದ. ಆಗ ಬೈದ ಬೈಗುಳ ನಿಮಗೆ ಬರೆಯಲಾರೆ.

ಡಾಕ್ಟರು ಗಾಜಿನಾಚೆ ನಿಂತು ‘ಬೆರಳು ಮಡಿಸು’ ಅನ್ನುತ್ತಾರೆ. ಮಡಿಸುತ್ತೇನೆ. ಎಡಗೈಯ ಎರಡು ಬೆರಳು ಕೇಳುವುದಿಲ್ಲ. ಅವರು ಒಳಗೆ ಬರಲಾರರು, ನಾನು ಹೊರಗೆ ಹೋಗಲಾರೆ. ಒತ್ತಡ ಇಳಿಸಲು ಶುರುಮಾಡಿದ್ದಾರೆ.

ಅತ್ತಿಗೆ, ಇದನ್ನು ನೀವು ಹಚ್ಚಿಕೊಳ್ಳಬಾರದು. ಪೈಪಿನ ತಪ್ಪು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತಪ್ಪು ನನ್ನದೂ ಇದೆ. ಹಿಂದೆ ಒಂದು ಸಣ್ಣ ವಿಷಯ ಎಂದಿದ್ದೆನಲ್ಲ, ಗೊರಕೆರಾಯನ ಪೈಪಿನಲ್ಲಿ ಒಂದು ಕಡೆ ಉಬ್ಬು ಇತ್ತು. ಕೈಗವಸಿನ ಮೇಲಿಂದಲೂ ಗೊತ್ತಾಗುತ್ತಿತ್ತು. ನೀವು ನೊಂದುಕೊಳ್ಳುತ್ತೀರೆಂದು ಬರೆಯಲಿಲ್ಲ. ಆಮೇಲೆ ನಿಮ್ಮ ಕಾಗದ ಬಂತು, ಉಬ್ಬು ಮಾಮೂಲಿ ಇರಬೇಕೆಂದುಕೊಂಡೆ. ನಿಮಗೆ ಏನೂ ಗೊತ್ತಿರಲಿಲ್ಲ. ನಾನು ಹೇಳಬೇಕಿತ್ತು.

ನಿಮ್ಮ ಮೈದುನ


ಹಡಗಿನಿಂದ
ಮಾರ್ಚ್ ೪

ಅತ್ತಿಗೆಯವರಿಗೆ,

ನಿಮ್ಮ ಫೆಬ್ರುವರಿ ೨೭ರ ಪತ್ರ ಇಂದು ತಲುಪಿತು. ನನ್ನದು ಅದೇ ದೋಣಿಯಲ್ಲಿ ಹೊರಟುಹೋಗಿದೆ. ವಾಪಸ್ ತರಿಸಿಕೊಳ್ಳಲು ಆಗಲಿಲ್ಲ. ಇದನ್ನು ಹಡಗಿನವರು ತಮ್ಮ ಟಪಾಲಿನ ಜೊತೆ ಬೇರೆಯಾಗಿ ಕಳಿಸುತ್ತಾರೆ.

ದಾರ ಬೆಳ್ಳಗೆ ಬಂದದ್ದು ಯಾವ ದಿನ? ತಾರೀಖು ಬರೆಯಿರಿ.

ಇದೇ ಪೈಪು ಬೇರೆ ಯಾವ ಹಡಗುಗಳಿಗೆ ಹೋಗಿದೆ? ಅಲ್ಲಿಯೂ ಕೋಣೆಗಳಿವೆ. ಒಳಗೆ ಜನ ಇದ್ದಾರೆ.

ನನಗೆ ಹೊರಗೆ ಬರಲು ಇನ್ನೂ ದಿನಗಳಿವೆ. ನಿಮಗೆ ಬಾಗಿಲಿದೆ.


ಕ್ವಾರ್ಟರ್ಸಿನಿಂದ
ಮಾರ್ಚ್ ೧೦

ಮೈದುನನಿಗೆ,

ನಿನ್ನ ಎರಡೂ ಪತ್ರ ಒಂದೇ ದಿನ ಬಂದವು. ನೀನು ನನ್ನನ್ನು ಸಮಾಧಾನ ಮಾಡಿದ್ದನ್ನು ಮೊದಲು ಓದಿದೆ.

ನೀನು ತಾರೀಖು ಕೇಳಿದ್ದೆ. ಫೆಬ್ರುವರಿ ೭. ಗೆರೆಯ ಬಣ್ಣ ಕೇಳಿ ನಿನಗೆ ಬರೆಯುವ ಹೊತ್ತಿಗೇ ಒಂದು ತುಂಡು ಬೆಳ್ಳಗೆ ಬಂದಿತ್ತು. ಹಸಿರು ಎಂದು ಬರೆಯಲಿ ಎಂದು ದೇವರಿಗೆ ಹರಕೆ ಹೊತ್ತುಕೊಂಡು ಕೂತಿದ್ದೆ. ನೀಲಿ ಎಂದು ಬಂದ ದಿನವೇ ಎದ್ದು ಹೊರಡಬೇಕಿತ್ತು. ಹೊರಡಲಿಲ್ಲ. ಇದಕ್ಕೆ ಕಾರಣ ಬರೆಯಲು ಹೋದರೆ ಅದೂ ನಿನ್ನನ್ನು ಒಲಿಸಿಕೊಳ್ಳುವ ಮಾತಾಗುತ್ತದೆ.

ನಿನ್ನ ಅಪಘಾತದ ಸುದ್ದಿ ಇಲ್ಲಿ ಕಾರ್ಖಾನೆಗೆ ಮೂರನೆಯ ತಾರೀಖು ತಲುಪಿತು. ಸಂಜೆ ಬಸ್ಸಿನಲ್ಲಿ ನಿನ್ನ ಅಣ್ಣ ನನ್ನ ಪಕ್ಕ ಕೂರಲಿಲ್ಲ. ಮನೆಗೆ ಬಂದು ಬೂಟು ಬಿಚ್ಚದೆ ಮಂಚದ ಮೇಲೆ ಕೂತರು. ಹೇಳಿದೆ: ‘ರೀ, ನಾಳೆ ನಾನು ಸುರಕ್ಷತೆಯ ಇನ್‌ಸ್ಪೆಕ್ಟರ್ ಹತ್ರ ಹೋಗ್ತೀನಿ. ಸುಲಿದ ತುಂಡುಗಳನ್ನ ತಗೊಂಡು.’

‘ಈ ಮನೆ ಯಾರದ್ದು ಗೊತ್ತಾ ನಿಂಗೆ? ಕಾರ್ಖಾನೇದು’ ಅಂದರು.

‘ಗೊತ್ತು.’

‘ನನ್ನ ಹೆಸರು ಹೇಳ್ತೀಯಾ?’

‘ಕೇಳಿದ್ರೆ ಹೇಳ್ತೀನಿ. ನಂದೂ ಹೇಳ್ತೀನಿ.’

ನಿನ್ನ ಉಬ್ಬಿನ ವಿಷಯ ಆಗಿನ್ನೂ ನಮಗೆ ಗೊತ್ತಿರಲಿಲ್ಲ. ನಿನ್ನ ಪತ್ರ ಬಂದಮೇಲೆ ಅದನ್ನು ಓದಿ, ‘ನೋಡು, ಅವನು ಒಂದು ಮಾತು ಬರ್ದಿದ್ರೆ...’ ಎಂದು ಶುರುಮಾಡಿದರು. ಇನ್ನೊಂದು ಸಲ ಆ ಮಾತು ಈ ಮನೆಯಲ್ಲಿ ಕೇಳಿಬಂದರೆ ನಾನು ಇಲ್ಲಿರುವುದಿಲ್ಲ ಅಂದೆ.

ಇನ್‌ಸ್ಪೆಕ್ಟರ್ ಹೆಂಗಸು. ಮೇಜಿನ ಮೇಲೆ ಎರಡು ತುಂಡು ಇಟ್ಟೆ, ಒಂದು ಹಳೆಯ ಒಳ್ಳೆಯ ಮಾಲಿನದು, ಒಂದು ನಿನ್ನ ಮಾಲಿನದು. ‘ನೀವೇ ಸುಲಿದು ನೋಡಿ’ ಅಂದೆ. ಮೊದಲನೆಯದಕ್ಕೆ ಅವರ ಉಗುರು ನೊಂದಿತು. ಎರಡನೆಯದು ಲಕೋಟೆ ಬಿಚ್ಚಿದ ಹಾಗೆ ಬಂತು. ಅವರು ಕೂತಲ್ಲಿಂದಲೇ ಫೋನು ಎತ್ತಿದರು. ಇಂಥ ಪೈಪು ಇನ್ನು ಮೂರು ಹಡಗಿಗೆ ಹೋಗಿತ್ತು. ಎಲ್ಲ ಕಡೆಯೂ ಇಳಿಯುವುದನ್ನು ನಿಲ್ಲಿಸಿದ್ದಾರೆ. ಒಂದರಲ್ಲಿ ಎರಡು ಉಬ್ಬು ಸಿಕ್ಕವಂತೆ. ಅಲ್ಲಿ ಯಾರಿಗೂ ಏನೂ ಆಗಿಲ್ಲ.

ನಿನ್ನ ಅಣ್ಣನನ್ನೂ ಕರೆಸಿದರು. ವೇಗ ಹೆಚ್ಚಿಸಿದ್ದು ನಾನೇ ಎಂದು ಒಪ್ಪಿಕೊಂಡರು. ಮೊದಲ ಪರೀಕ್ಷೆಯಲ್ಲಿ ಪಾಸು ಮಾಡಿದ್ದು ಇವಳು ಎಂದೂ ಹೇಳಿದರು. ಎರಡೂ ನಿಜ. ಈಗ ನಮ್ಮಿಬ್ಬರಿಗೂ ಗೇಟಿನೊಳಗೆ ಪ್ರವೇಶವಿಲ್ಲ. ತಿಂಗಳ ಕೊನೆಗೆ ಮನೆ ಬಿಡಬೇಕು. ನೆರೆಯವರು ನಾವು ಮೆಟ್ಟಿಲಿಳಿಯುವ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಹೊರಗೆ ಹೋಗುವ ಕಡೆಯೂ ಇಲ್ಲದೆ ಈ ಎರಡು ಕೋಣೆಯಲ್ಲಿ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡುತ್ತಿದ್ದೇವೆ. ಅವರು ಅಡುಗೆಮನೆಗೆ ಬಂದರೆ ನಾನು ಪಡಸಾಲೆಗೆ. ಕಿಟಕಿಯ ಹತ್ತಿರ ಗೋಡೆ ನೋಡುತ್ತಾ ಕೂರುತ್ತಾರೆ. ನಿನ್ನೆ ಒಂದೇ ಒಂದು ಮಾತಾಡಿದರು.

‘ಅವನ ಕೈ ಹೆಂಗಿದೆಯಂತೆ?’

‘ನೀವೇ ಬರೆದು ಕೇಳಿ’ ಅಂದೆ. ಕಾಗದ ಪೆನ್ನು ತಂದು ಮುಂದಿಟ್ಟೆ. ಬೆಳಿಗ್ಗೆ ನೋಡಿದರೆ ಕಾಗದ ಹಾಗೇ ಇತ್ತು, ಬರಿದಾಗಿ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಡಬೇಕಾಗುತ್ತದೆ.

ಅತ್ತಿಗೆ


ಬಂದರಿನ ಆಸ್ಪತ್ರೆಯಿಂದ
ಮಾರ್ಚ್ ೧೬

ಅತ್ತಿಗೆ,

ಒಂಬತ್ತರಂದು ಬಾಗಿಲು ತೆರೆದರು. ಬಹಳ ಸದ್ದಾದೀತು ಎಂದುಕೊಂಡಿದ್ದೆ. ಒಂದು ಸಣ್ಣ ನಿಟ್ಟುಸಿರು, ಅಷ್ಟೇ. ಹೊರಗಿನ ಗಾಳಿ ಬಂತು. ಎಣ್ಣೆ, ಬಣ್ಣ, ಯಾರದೋ ಸಿಗರೇಟಿನ ವಾಸನೆ. ಎದುರಿಗೆ ಜನ ನಿಂತಿದ್ದರು. ನಾನು ಮಂಚದಿಂದ ಏಳಲಿಲ್ಲ. ಏಳಲು ಆಗಲಿಲ್ಲ ಎಂದಲ್ಲ, ಕಾಲು ಚೆನ್ನಾಗಿಯೇ ಇದ್ದವು. ಬಾಗಿಲು ತೆರೆದಿದೆ ಎಂಬುದನ್ನು ಮೈ ನಂಬಲಿಲ್ಲ. ಗೊರಕೆರಾಯ ಹೊರಗೆ ಹೋದವನು ವಾಪಸ್ ಒಳಗೆ ಬಂದು ಪಕ್ಕದಲ್ಲಿ ಕೂತ. ದನಿ ಮಾಮೂಲಾಗಿತ್ತು. ಅವನ ನಿಜವಾದ ದನಿ ಎಷ್ಟು ದಪ್ಪ ಎಂಬುದನ್ನೇ ಮರೆತಿದ್ದೆ.

‘ಏನು, ಇಲ್ಲೇ ಮನೆ ಮಾಡ್ತೀಯಾ?’ ಅಂದ.

‘ಹೋದ್ರೆ ಎಲ್ಲಿಗೆ ಹೋಗೋದು?’

‘ಅದು ಹೊರಗೆ ನಿಂತ್ಕೊಂಡು ಯೋಚ್ನೆ ಮಾಡು. ಇಲ್ಲಿ ಕೂತ್ರೆ ನಂಗೂ ಹೋಗಕ್ಕಾಗಲ್ಲ.’

ಅವನನ್ನು ಕಾಯಿಸಬಾರದೆಂದು ಎದ್ದೆ.

ಆ ಎರಡು ಬೆರಳಿಗೆ ಸ್ಪರ್ಶ ಬರುವುದಿಲ್ಲವಂತೆ. ಬಿಸಿಯೂ ತಿಳಿಯದು, ತಣ್ಣಗೂ ತಿಳಿಯದು. ಆಳಕ್ಕೆ ಇಳಿಯುವ ಕೆಲಸ ಮುಗಿಯಿತು. ದಡದ ಕೆಲಸ ಕೊಡುತ್ತೇವೆ ಎಂದಿದ್ದಾರೆ. ಕೊಟ್ಟರೂ ಕೊಟ್ಟಾರು.

ನಿಮ್ಮ ಇನ್‌ಸ್ಪೆಕ್ಟರು ಇಲ್ಲಿಗೂ ಬಂದಿದ್ದರು. ‘ಪೈಪು ಚೆನ್ನಾಗಿದೆ ಅಂತ ನೀವೇ ಮನೆಗೆ ಬರ್ದಿದ್ರಂತಲ್ಲ’ ಎಂದು ನನ್ನನ್ನು ಕೇಳಿದರು. ಬರೆದಿದ್ದೆ ಅಂದೆ. ಉಬ್ಬು ಕಂಡೂ ಮುಚ್ಚಿಟ್ಟದ್ದನ್ನು ಹೇಳಿದೆ, ಗೊರಕೆರಾಯ ಇಳಿಯಲ್ಲ ಅಂದಾಗ ನಾನೇ ಕೆಲಸ ಶುರುಮಾಡಿಸಿದ್ದನ್ನೂ ಹೇಳಿದೆ. ನಿಮ್ಮ ಏಳನೆಯ ತಾರೀಖನ್ನೂ ಹೇಳಿದೆ, ಮುಚ್ಚಿಡಲಿಲ್ಲ. ನಿಮ್ಮ ಮೇಲೆ ಸಿಟ್ಟಿದೆಯೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಇದೆ ಎಂದೇ ಹೇಳುತ್ತಿದ್ದೆ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಬರುತ್ತದೆ. ಸಂಜೆಯ ಹೊತ್ತಿಗೆ ಸ್ವಲ್ಪ ಇಳಿಯುತ್ತದೆ. ಆ ಮೂರು ಹಡಗಿನವರು ಹೊರಗೆ ಬಂದ ಸುದ್ದಿ ಕೇಳಿದ ದಿನ ನಿಮ್ಮನ್ನು ನೋಡಬೇಕೆನಿಸಿತು. ಮಾರನೆಯ ದಿನ ಮತ್ತೆ ಬೇಡವೆನಿಸಿತು. ಇದನ್ನು ಸಿಹಿ ಮಾಡಿ ಬರೆಯಬಹುದಿತ್ತು. ನಾವಿಬ್ಬರೂ ಸಿಹಿ ಮಾಡಿ ಬರೆದದ್ದು ಸಾಕು.

ಶುಕ್ರವಾರ ಆಸ್ಪತ್ರೆಯಿಂದ ಬಿಡುತ್ತಾರೆ. ನನಗೆ ಬೇರೆ ಮನೆ ಇಲ್ಲ, ಆದ್ದರಿಂದ ಅಲ್ಲಿಗೇ ಬರುತ್ತೇನೆ. ನೀವು ಮನೆ ಖಾಲಿ ಮಾಡುವವರೆಗೆ ಇರುತ್ತೇನೆ. ಸಾಮಾನು ಕಟ್ಟಲು ಒಂದು ಕೈ ಪೂರ್ತಿ ಇದೆ, ಇನ್ನೊಂದು ಮುಕ್ಕಾಲು ಇದೆ. ಮುಂದೆ ಎಲ್ಲಿ, ಹೇಗೆ ಎಂಬುದನ್ನು ಮೂವರೂ ಎದುರೆದುರು ಕೂತು ಮಾತಾಡೋಣ, ಕಾಗದದಲ್ಲಿ ಬೇಡ.

ಅಣ್ಣ ನಾನು ಬರುವ ಹೊತ್ತಿಗೆ ಪೇಟೆಗೆ ಹೋಗುತ್ತೇನೆಂದೋ, ತಲೆನೋವೆಂದೋ ಒಳಗೆ ಸೇರಿಕೊಳ್ಳುತ್ತಾನೆ. ಅವನನ್ನು ನನಗಿಂತ ಚೆನ್ನಾಗಿ ನೀವು ಬಲ್ಲಿರಿ. ಈ ಸಲ ಬಿಡಬೇಡಿ. ಕಾಗದ ಬರೆಯಲು ಆಗದಿದ್ದರೆ ಬೇಡ. ಶುಕ್ರವಾರ ಸಂಜೆ ಬಂದು ಬಾಗಿಲು ತಟ್ಟುತ್ತೇನೆ. ನೀವು ಕೂತಲ್ಲಿಂದ ಏಳಬೇಡಿ. ಎಷ್ಟು ಹೊತ್ತಾದರೂ ಚಿಂತೆಯಿಲ್ಲ, ಹೊರಗೆ ನಿಂತು ಕಾಯುತ್ತೇನೆ.

ಬಾಗಿಲು ಅಣ್ಣನೇ ತೆಗೆಯಲಿ.